ಪ್ರತಿಕ್ರಿಯೆ: ಚಿಕ್ಕಬಳ್ಳಾಪುರದ ಲೋಕಸಭಾ ಫಲಿತಾಂಶದಲ್ಲಿ ನಮ್ಮೂರ ಬೂತ್ ಏಕಿಲ್ಲ?
ನಿಮ್ಮೂರು ಚಿಂತಾಮಣಿ ತಾಲ್ಲೂಕು ಅಂದಿದ್ದೀರಿ, ಅದೇ ಕಾರಣ ಇರಬೇಕು. ಜಿಲ್ಲೆ ಚಿಕ್ಕಬಳ್ಳಾಪುರವಾದರೂ 2008ರ ಕ್ಷೇತ್ರ ಪುನರ್ವಿಂಗಡಣೆ ಪ್ರಕಾರ ಚಿಂತಾಮಣಿ, ಶಿಡ್ಲಘಟ್ಟ ಎರಡೂ ಕೋಲಾರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಅತ್ತ ಬೆಂಗಳೂರಿನ ಯಲಹಂಕದವರು ಚಿಕ್ಕಬಳ್ಳಾಪುರಕ್ಕೆ ಓಟು ಹಾಕುತ್ತಾರೆ, ವಿಚಿತ್ರ!

ಮೊದಲು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಕೋಲಾರದ ಫಾರ್ಮ್ 20 (ಬೂತ್‌ವಾರು ಮತಗಳ ಪಟ್ಟಿ) ತೆಗೆದು, ಚಿಂತಾಮಣಿ ವಿಧಾನಸಭಾ ಭಾಗಕ್ಕೆ ಹೋಗಿ. ಅಭ್ಯರ್ಥಿಗಳ ಸಾಲಿನಲ್ಲಿ ಚಿಕ್ಕಬಳ್ಳಾಪುರದಿಂದ ಸ್ಪರ್ಧಿಸಿದ್ದ ವೀರಪ್ಪ ಮೊಯಿಲಿ ಇದ್ದರೆ ತಪ್ಪು ಫೈಲು. 2009, 2014ಕ್ಕೆ ಕೋಲಾರದ ಅಭ್ಯರ್ಥಿ ಕೆ.ಎಚ್. ಮುನಿಯಪ್ಪ ಇರಬೇಕು. ಅಲ್ಲಿ ಬೂತ್ ನಂಬರ್ ಮಾತ್ರ ಕಾಣುತ್ತದೆ, ಊರಿನ ಹೆಸರಲ್ಲ. ನಂಬರ್ ಪ್ರತಿ ಚುನಾವಣೆಗೂ ಅದೇ ಇರುತ್ತದೆಂಬ ಖಾತ್ರಿಯಿಲ್ಲ. ಹಾಗಾಗಿ ಆಯಾ ವರ್ಷದ ಮತದಾರರ ಪಟ್ಟಿಯ ಮೊದಲ ಪುಟದಲ್ಲಿ ನಿಮ್ಮೂರ ಶಾಲೆಯ ಹೆಸರು ಹುಡುಕಿ, ನಂಬರ್ ತಾಳೆ ಹಾಕಿ. ಹಳೇ ವರ್ಷದ ಫಾರ್ಮ್ 20 ಸಿಗದಿದ್ದರೆ ಕೋಲಾರ ಜಿಲ್ಲಾಧಿಕಾರಿ ಕಚೇರಿಯ ಚುನಾವಣಾ ಶಾಖೆಗೆ ಅರ್ಜಿ ಕೊಡಿ, ಚಿಕ್ಕಬಳ್ಳಾಪುರಕ್ಕಲ್ಲ.