ಬಾಗಿಲಿಗೆ ಬೇರೆ ಬೀಗ: ಓದುಗರ ಕಾನೂನು ಪ್ರಶ್ನೆಗಳು

ಪ್ರಶ್ನೆ: ಮುಂಬೈನ ಮುಲುಂಡಲ್ಲಿ ಒಂದು ರೂಮ್-ಕಿಚನ್ ಬಾಡಿಗೆಗೆ ತಗೊಂಡಿದೀವಿ, 11 ತಿಂಗಳ ಅಗ್ರಿಮೆಂಟ್, ನೋಟರಿ ಮಾತ್ರ ಆಗಿದೆ. ಎರಡು ತಿಂಗಳ ಬಾಡಿಗೆ ಬಾಕಿ ಇತ್ತು. ಅಮ್ಮಂಗೆ ಹುಷಾರಿಲ್ಲ ಅಂತ ವಿಜಯಪುರಕ್ಕೆ ಹೋಗಿ ಬರೋಷ್ಟರಲ್ಲಿ ಮಾಲೀಕರು ಬೇರೆ ಬೀಗ ಜಡಿದಿದ್ದಾರೆ. ಸಾಮಾನೆಲ್ಲ ಒಳಗೇ ಇದೆ. ಪೊಲೀಸರು ಸಿವಿಲ್ ಮ್ಯಾಟರ್ ಅಂತ ವಾಪಸ್ ಕಳಿಸಿದ್ರು. ಏನ್ ಮಾಡ್ಲಿ?

ಉತ್ತರ: ಮೊದಲು ಇದನ್ನ ಗಟ್ಟಿಯಾಗಿ ತಿಳ್ಕೊಳ್ಳಿ ತಂಗಿ, ಬಾಡಿಗೆ ಬಾಕಿ ಇದ್ರೂ, ಅಷ್ಟೇ ಯಾಕೆ ಅಗ್ರಿಮೆಂಟೇ ಮುಗಿದಿದ್ರೂ, ಮಾಲೀಕರು ತಾವೇ ಬಂದು ಬೀಗ ಹಾಕೋ ಹಾಗಿಲ್ಲ. ಬಿಡಿಸ್ಬೇಕು ಅಂದ್ರೆ ಕೋರ್ಟಿಂದನೋ ಕಾಂಪಿಟೆಂಟ್ ಅಥಾರಿಟಿಯಿಂದನೋ (ಇಂಥ ಬಾಡಿಗೆ ಕೇಸ್ ನೋಡೋಕೆ ಸರ್ಕಾರ ನೇಮಿಸಿರೋ ಅಧಿಕಾರಿ) ಆರ್ಡರ್ ತರ್ಬೇಕು. 1989ರಲ್ಲೇ ಕೃಷ್ಣ ರಾಮ್ ಮಹಾಲೆ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟವಾಗಿ ಹೇಳಿದೆ, ನೆಲೆನಿಂತು ವಾಸ ಇರೋರಿಗೆ ಅಲ್ಲಿರೋ ಹಕ್ಕೇ ಇಲ್ಲ ಅಂತ ಇಟ್ಕೊಂಡ್ರೂ ಕಾನೂನಿನ ದಾರಿ ಬಿಟ್ಟು ಅವರನ್ನ ಹೊರಗೆ ಹಾಕೋಕಾಗಲ್ಲ ಅಂತ.

ನಿಮ್ಮ ಕೈಲಿರೋ ದೊಡ್ಡ ಅಸ್ತ್ರ 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟಿನ ಸೆಕ್ಷನ್ 6. ಮನೆ ಯಾರದ್ದು ಅನ್ನೋ ಪ್ರಶ್ನೆ ಅಲ್ಲಿ ಬರೋದೇ ಇಲ್ಲ, ವಾಸ ಇದ್ದದ್ದು ನೀವಾ, ಕಾನೂನು ಬಿಟ್ಟು ಹೊರಗೆ ಹಾಕಿದ್ರಾ, ಇಷ್ಟನ್ನೇ ನೋಡ್ತಾರೆ. ಆದ್ರೆ ಬೀಗ ಬಿದ್ದ ದಿನದಿಂದ 6 ತಿಂಗಳೊಳಗೆ ಕೇಸ್ ಹಾಕ್ಬೇಕು. ನಾಳೆ ಮಾತಾಡೋಣ, ಹಬ್ಬ ಕಳೀಲಿ ಅಂತ ಮಾಲೀಕರು ದಿನ ತಳ್ಳಿದ್ರೆ ಕಾಯ್ತಾ ಕೂರಬೇಡಿ, ವಕೀಲರು ಈ ವಾರಾನೇ ಕೇಸ್ ಹಾಕಿ ಮಧ್ಯಂತರ ಆದೇಶ ಕೇಳ್ಲಿ.

ಬೀಗ ಮಾತ್ರ ಒಡೀಬೇಡಿ, ಕಳ್ಳತನದ ಕಂಪ್ಲೇಂಟ್ ನಿಮ್ಮ ಮೇಲೇ ಬೀಳುತ್ತೆ. ಬೀಗದ ಫೋಟೋ, ಮಾಲೀಕರ ಮೆಸೇಜು, ಬಾಡಿಗೆ ಕಳಿಸಿದ ಯುಪಿಐ ಎಂಟ್ರಿ, ಗ್ಯಾಸ್ ಬುಕ್ಕು, ಮಕ್ಕಳ ಸ್ಕೂಲ್ ಕಾರ್ಡಲ್ಲಿರೋ ಅಡ್ರೆಸ್ಸು, ಎಲ್ಲಾ ಒಂದೇ ಫೈಲಲ್ಲಿ ಹಾಕಿ. ಒಳಗೇನೇನಿದೆ ಅಂತ ಚಮಚದವರೆಗೂ ಪಟ್ಟಿ ಬರೀರಿ. ವರ್ಷಗಳ ಹಿಂದೆ ಕಾಂದಿವಲಿಯಲ್ಲಿ ಒಬ್ಬ ತಾಯಿಯ ಸಾಮಾನನ್ನ ಮೆಟ್ಟಿಲ ಮೇಲೆ ತಂದಿಟ್ಟಿದ್ದನ್ನ ನಾನು ಕಣ್ಣಾರೆ ನೋಡಿದೀನಿ, ಕುಕ್ಕರ್ ಒಳಗೆ ಅರ್ಧ ಬೆಂದ ಅನ್ನ ಹಾಗೇ ಇತ್ತು, ಮಗನ ಮಾರ್ಕ್ಸ್ ಕಾರ್ಡ್ ಮಾತ್ರ ಕೊನೇವರೆಗೂ ಸಿಗ್ಲಿಲ್ಲ. ಪಟ್ಟಿ ಬರೆದಿರ್ಲಿಲ್ಲ, ಅದಿತ್ತು ಅಂತ ತೋರಿಸೋಕೆ ಏನೂ ಇರ್ಲಿಲ್ಲ. ಅದು ಇವತ್ತಿಗೂ ನನಗೆ ನೋವು.

ಪೊಲೀಸರು ಹೇಳಿದ್ದು ಅರ್ಧ ಮಾತ್ರ ಸರಿ. ಬೇರೆಯವರ ವಾಸದಲ್ಲಿರೋ ಮನೆಗೆ ಬೆದರಿಸೋಕೋ ತೊಂದರೆ ಕೊಡೋಕೋ ನುಗ್ಗಿದ್ರೆ ಅದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 329ರಲ್ಲಿ ಬರುತ್ತೆ, ಬೆದರಿಕೆ 351ರಲ್ಲಿ. ಕಂಪ್ಲೇಂಟ್ ಬರವಣಿಗೆಯಲ್ಲಿ ಕೊಟ್ಟು ನಿಮ್ಮ ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ, ತಗೊಳ್ದಿದ್ರೆ ಡಿಸಿಪಿಗೆ ಪೋಸ್ಟಲ್ಲಿ ಕಳಿಸಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗ್ಬಹುದು.

ಇನ್ನು ನೋಟರಿ ವಿಷಯ. 11 ತಿಂಗಳು ಅಂದ್ರೆ ರಿಜಿಸ್ಟ್ರೇಷನ್ ಬೇಡ ಅಂತ ನಮ್ಮ ಜನ ಊರಿನ ಲೆಕ್ಕ ಹಾಕ್ತಾರೆ, ಮಹಾರಾಷ್ಟ್ರದಲ್ಲಿ ಅದು ನಡೆಯಲ್ಲ. 1999ರ ರೆಂಟ್ ಕಂಟ್ರೋಲ್ ಆಕ್ಟಿನ ಸೆಕ್ಷನ್ 55 ಪ್ರಕಾರ ಲೀವ್ ಅಂಡ್ ಲೈಸೆನ್ಸ್ (ಇಷ್ಟು ತಿಂಗಳು ಇದ್ದು ಹೋಗೋಕೆ ಅನುಮತಿ ಕೊಡೋ ಅಗ್ರಿಮೆಂಟ್) ಕೂಡ ರಿಜಿಸ್ಟರ್ ಆಗ್ಲೇಬೇಕು, ಅದನ್ನ ಮಾಡಿಸೋ ಜವಾಬ್ದಾರಿ ಮಾಲೀಕರದ್ದು. ಮಾಡಿಸ್ದಿದ್ರೆ ಷರತ್ತು ಏನಿತ್ತು ಅನ್ನೋದಕ್ಕೆ, ಬೇರೆ ಅಂತ ಪ್ರೂವ್ ಆಗೋವರೆಗೂ, ನಿಮ್ಮ ಮಾತೇ ನಡೆಯುತ್ತೆ. ಬಾಕಿ ಎರಡು ತಿಂಗಳದ್ದು ಮಾತ್ರ ಇವತ್ತೇ ಬ್ಯಾಂಕಿಂದ ಕಳಿಸಿಬಿಡಿ, ಅವರ ಕೈಗೆ ಆ ನೆಪ ಸಿಗೋದು ಬೇಡ.

ವಕೀಲರ ಫೀಸ್ ಹೆದರಿಕೆನೂ ಬೇಡ, ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಸರ್ಕಾರದ ಉಚಿತ ಕಾನೂನು ನೆರವು ಇದೆ, 15100ಕ್ಕೆ ಫೋನ್ ಮಾಡಿ.

ಪ್ರಶ್ನೆ: ಗಿರಗಾಂವ್ ಚಾಳಲ್ಲಿ ಅಪ್ಪನ ಕಾಲದಿಂದ ಪಗಡಿ (ಮೊದಲೇ ದೊಡ್ಡ ಮೊತ್ತ ಕೊಟ್ಟು, ಕಮ್ಮಿ ಬಾಡಿಗೇಲಿ ಕಾಯಂ ಇರೋದು) ಮೇಲೆ ಇದೀವಿ. ಹೊಸ ಮಾಲೀಕರು ನಾಲ್ಕು ತಿಂಗಳಿಂದ ಬಾಡಿಗೆ ತಗೋತಿಲ್ಲ, ಈಗ ನೀರೂ ನಿಲ್ಲಿಸಿದ್ದಾರೆ. ನಾವೇ ಬೇಜಾರಾಗಿ ಹೋಗ್ಲಿ ಅನ್ನೋದೇ ಅವರ ಪ್ಲಾನ್.

ಉತ್ತರ: ನೀರು, ಕರೆಂಟು, ಮೆಟ್ಟಿಲ ದೀಪ, ಲಿಫ್ಟು, ಇವನ್ನ ಸರಿಯಾದ ಕಾರಣ ಇಲ್ದೆ ನಿಲ್ಲಿಸೋದನ್ನ ಮೇಲೆ ಹೇಳಿದ ರೆಂಟ್ ಕಂಟ್ರೋಲ್ ಆಕ್ಟಿನ ಸೆಕ್ಷನ್ 29 ತಡೆಯುತ್ತೆ. ಧೋಬಿ ತಲಾವ್ ಹತ್ರ ಇರೋ, ಬಾಡಿಗೆ ಕೇಸ್ ನೋಡೋ ಸ್ಮಾಲ್ ಕಾಸಸ್ ಕೋರ್ಟಲ್ಲಿ ಅರ್ಜಿ ಹಾಕಿ, ನೀರು ಬಿಡಿಸೋ ಮಧ್ಯಂತರ ಆದೇಶ ಕೇಳಿ. ತಪ್ಪು ಸಾಬೀತಾದ್ರೆ ಮೂರು ತಿಂಗಳವರೆಗೂ ಜೈಲು ಶಿಕ್ಷೆ ಇದೆ. ದಂಡದ ಮೊತ್ತ ಮಾತ್ರ ಈ ಕಾಲಕ್ಕೆ ತೀರಾ ಕಮ್ಮಿ, 1,000 ರೂಪಾಯಿ, ಇದನ್ನ ಯಾವತ್ತೋ ಏರಿಸ್ಬೇಕಿತ್ತು.

ಬಾಡಿಗೆ ತಗೋತಿಲ್ಲ ಅನ್ನೋದು ನೀರಿಗಿಂತ ಅಪಾಯ. ನಾಳೆ ಇವ್ರು ಕೊಟ್ಟೇ ಇಲ್ಲ ಅಂತ ಅವರೇ ಕೇಸ್ ಹಾಕೋದು. ಕಾನೂನಲ್ಲಿ ನಿಮಗೆ ಸಮಯ ಇದೆ, ಬರವಣಿಗೆಯಲ್ಲಿ ನೋಟಿಸ್ ಕೊಟ್ಟು 90 ದಿನ ಆಗದೆ ಬಾಕಿಗೆ ಅಂತ ದಾವೆ ಹಾಕೋಕಾಗಲ್ಲ, ಸಮನ್ಸ್ ಬಂದ್ಮೇಲೂ 90 ದಿನದೊಳಗೆ 15% ಬಡ್ಡಿ ಮತ್ತೆ ಕೇಸ್ ಖರ್ಚು ಸೇರಿಸಿ ಕಟ್ಟಿದ್ರೆ ಅದೊಂದೇ ಕಾರಣಕ್ಕೆ ಮನೆ ಬಿಡಿಸಲ್ಲ. ಆದ್ರೂ ಅಲ್ಲೀವರೆಗೆ ಯಾಕೆ ಹೋಗ್ಬೇಕು? ನಾಲ್ಕು ತಿಂಗಳದ್ದೂ ಸೇರಿಸಿ ಚೆಕ್ ಬರೆದು, ಯಾವ್ಯಾವ ತಿಂಗಳದ್ದು ಅಂತ ಒಂದು ಕಾಗದ ಇಟ್ಟು ಸ್ಪೀಡ್ ಪೋಸ್ಟ್ ಮಾಡಿ. ತಗೊಳ್ದೆ ವಾಪಸ್ ಕಳಿಸಿದ್ರೆ ಆ ಕವರ್ ಒಡೀಬೇಡಿ, ಹಾಗೇ ಎತ್ತಿಡಿ, ಕೋರ್ಟಲ್ಲಿ ಅದೇ ನಿಮ್ಮ ರಸೀದಿ.