ಇಸವಿ ಕಂಡ ತಕ್ಷಣ ‘ಕಾಲಕ್ರಮ’ ಅಂತ ಟಿಕ್ ಹಾಕಿಸ್ಬೇಡಿ

ಮಾಹಿತಿ ಲೇಖನ ಓದಿ ಅದರ ರಚನೆ, ಅಂದ್ರೆ ಲೇಖಕ ವಿಷಯಗಳನ್ನ ಜೋಡಿಸಿರೋ ರೀತಿ, ಯಾವ ಥರದ್ದು ಅಂತ ಗುರುತಿಸೋ ವಿಷಯದಲ್ಲಿ ಬರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ, ಕೇಳೋರು ಮಾತ್ರ ಬೇರೆ. ಎಷ್ಟು ಸಲ ಉತ್ತರ ಕೊಟ್ರೂ ಮತ್ತೆ ಅದೇ ಬರ್ತಿದೆ, ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡ್ತೀನಿ, ಉಳಿದವಕ್ಕೆ ಚಿಕ್ಕದಾಗಿ. ವರ್ಣನೆ, ಕ್ರಮ (ಕಾಲಕ್ರಮಾನೂ ಇದ್ರಲ್ಲೇ ಬರುತ್ತೆ), ಹೋಲಿಕೆ, ಕಾರಣ-ಪರಿಣಾಮ, ಸಮಸ್ಯೆ-ಪರಿಹಾರ ಅಂದ್ರೆ ಏನು ಅನ್ನೋದನ್ನ ಇಲ್ಲಿ ವಿವರಿಸಲ್ಲ, ಅದು ಎಲ್ಲಾ ವರ್ಕ್‌ಬುಕ್‌ನಲ್ಲೂ ಇದೆ.

ಪ್ರಶ್ನೆ: ಮಗ ಏಳನೇ ಕ್ಲಾಸು. ಪ್ಯಾಸೇಜ್‌ನಲ್ಲಿ ಇಸವಿಗಳಿದ್ವು, ‘ನಂತರ’ ಅನ್ನೋ ಪದಾನೂ ಇತ್ತು, ಅದಕ್ಕೆ ಅವನು ‘ಕಾಲಕ್ರಮ’ ಅಂತ ಬರೆದ. ಸರಿ ಉತ್ತರ ‘ಕಾರಣ-ಪರಿಣಾಮ’ ಅಂತೆ. ಕೀವರ್ಡ್ ಲಿಸ್ಟ್ ಪೂರ್ತಿ ಬಾಯಿಪಾಠ ಮಾಡ್ಸಿದೀನಿ, ಆದ್ರೂ ಪದೇ ಪದೇ ಹೀಗೇ ಆಗ್ತಿದೆ. ಎಲ್ಲಿ ತಪ್ತಾ ಇದೀವಿ?

ಆ ಲಿಸ್ಟ್‌ನಲ್ಲೇ ತಪ್ತಾ ಇದೀರಿ. ‘ನಂತರ’ ಬಂದ್ರೆ ಕ್ರಮ, ‘ಆದರೆ’ ಬಂದ್ರೆ ಹೋಲಿಕೆ, ‘ಆದ್ದರಿಂದ’ ಬಂದ್ರೆ ಕಾರಣ-ಪರಿಣಾಮ ಅಂತ ಮಗುಗೆ ಹೇಳ್ಕೊಟ್ರೆ, ಆ ಮಗು ಪ್ಯಾಸೇಜ್ ಓದೋದನ್ನೇ ಬಿಟ್ಟು ಪದ ಹುಡುಕೋಕೆ ಶುರು ಮಾಡುತ್ತೆ. ಕಣ್ಣು ಸಾಲಿನ ಮೇಲೆ ಓಡುತ್ತೆ, ಲಿಸ್ಟ್‌ನಲ್ಲಿರೋ ಪದ ಸಿಕ್ಕಿದ ಕೂಡ್ಲೆ ಅಲ್ಲೇ ನಿಲ್ಲುತ್ತೆ, ಲೇಖಕ ಏನು ಹೇಳೋಕೆ ಹೊರಟಿದ್ದ ಅನ್ನೋದು ತಲೆಗೇ ಹೋಗಲ್ಲ.

ನೀವು ಪ್ಯಾಸೇಜ್ ಕಳಿಸಿಲ್ಲ, ಹಾಗಾಗಿ ಅದೇ ಥರದ್ದೊಂದು ನಾನೇ ಬರೀತೀನಿ.

“1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಸುಂಬಾವಾ ದ್ವೀಪದಲ್ಲಿ ತಂಬೋರಾ ಜ್ವಾಲಾಮುಖಿ ಸ್ಫೋಟಿಸಿತು. ಅದು ಉಗುಳಿದ ಗಂಧಕದ ಅನಿಲ ವಾತಾವರಣದ ಮೇಲಿನ ಪದರಕ್ಕೆ ಸೇರಿತು. ನಂತರ ಅಲ್ಲಿ ಸೂಕ್ಷ್ಮ ಕಣಗಳಾಗಿ ಮಾರ್ಪಟ್ಟು ಭೂಮಿಯ ಸುತ್ತ ಹರಡಿತು. ಬಿಸಿಲು ನೆಲಕ್ಕೆ ಮುಟ್ಟುವುದು ಕಡಿಮೆಯಾಯಿತು. 1816ರ ಜೂನ್‌ನಲ್ಲಿ ಉತ್ತರ ಅಮೆರಿಕದ ಈಶಾನ್ಯ ಭಾಗದಲ್ಲಿ ಹಿಮ ಬಿತ್ತು. ಯುರೋಪಿನಲ್ಲಿ ಬೇಸಿಗೆಯಿಡೀ ಚಳಿ ಮತ್ತು ಮಳೆ. ಬೆಳೆ ಕೈಕೊಟ್ಟಿತು, ಧಾನ್ಯದ ಬೆಲೆ ಏರಿತು.”

ಈಗ ಇದನ್ನ ನೋಡಿ.

“1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. 1961ರಲ್ಲಿ ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯರಾದರು. 1963ರಲ್ಲಿ ವ್ಯಾಲೆಂಟಿನಾ ತೆರೆಷ್ಕೋವಾ ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆಯಾದರು. 1965ರಲ್ಲಿ ಅಲೆಕ್ಸಿ ಲಿಯೊನೊವ್ ನೌಕೆಯಿಂದ ಹೊರಬಂದು ಬಾಹ್ಯಾಕಾಶ ನಡಿಗೆ ಮಾಡಿದರು. 1969ರ ಜುಲೈನಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಚಂದ್ರನ ಮೇಲೆ ಇಳಿದರು.”

ಎರಡರಲ್ಲೂ ಇಸವಿ ಇದೆ, ಎರಡರಲ್ಲೂ ಒಂದಾದ ಮೇಲೊಂದು ಘಟನೆ ಇದೆ. ಎರಡನೇದ್ರಲ್ಲಿ ‘ನಂತರ’ ಅನ್ನೋ ಪದ ಒಂದು ಸಲಾನೂ ಇಲ್ಲ, ಮೊದಲನೇದ್ರಲ್ಲಿ ಇದೆ. ಆದ್ರೆ ಕಾಲಕ್ರಮ ಎರಡನೇದು, ಮೊದಲನೇದು ಕಾರಣ-ಪರಿಣಾಮ. ಕೀವರ್ಡ್ ಲಿಸ್ಟ್ ಪ್ರಕಾರ ಹೋದ್ರೆ ಇಲ್ಲಿ ಉತ್ತರ ಉಲ್ಟಾ ಬರುತ್ತೆ, ಯಾಕಂದ್ರೆ ಮೊದಲನೇ ಪ್ಯಾಸೇಜ್‌ನಲ್ಲಿ ‘ಆದ್ದರಿಂದ’, ‘ಕಾರಣ’, ‘ಪರಿಣಾಮವಾಗಿ’ ಯಾವುದೂ ಇಲ್ಲ.

ಹಾಗಾದ್ರೆ ಹೇಗೆ ಗೊತ್ತಾಗೋದು? ಪುಸ್ತಕ ಮುಚ್ಚಿಸಿ, ಓದಿದ್ದನ್ನ ಒಂದೇ ವಾಕ್ಯದಲ್ಲಿ ಹೇಳು ಅನ್ನಿ. ಮೊದಲನೇದಕ್ಕೆ ಮಗು “ಜ್ವಾಲಾಮುಖಿ ಸಿಡಿದಿದ್ದಕ್ಕೆ ಮಾರನೇ ವರ್ಷ ಎಲ್ಲೋ ದೂರದಲ್ಲಿ ಬೆಳೆ ಹಾಳಾಯ್ತು” ಅನ್ನುತ್ತೆ. ಆ ‘ಸಿಡಿದಿದ್ದಕ್ಕೆ’ಯಲ್ಲೇ ಉತ್ತರ ಇದೆ, ಮಗುವಿನ ಬಾಯಿಂದಲೇ ಬಂತು. ಎರಡನೇದಕ್ಕೆ “ಬಾಹ್ಯಾಕಾಶದಲ್ಲಿ ಮೊದಮೊದಲು ಯಾವಾಗ ಏನೇನಾಯ್ತು ಅಂತ ಹೇಳಿದಾರೆ” ಅನ್ನುತ್ತೆ. ಗಗಾರಿನ್ ಹೋಗಿದ್ದಕ್ಕೆ ತೆರೆಷ್ಕೋವಾ ಹೋದ್ರು ಅಂತ ಯಾವ ಮಗೂನೂ ಹೇಳಲ್ಲ, ಪ್ಯಾಸೇಜ್ ಹಾಗೆ ಹೇಳೇ ಇಲ್ವಲ್ಲ.

ಇನ್ನೊಂದು ಪರೀಕ್ಷೆ ಇದೆ, ನನಗೆ ಇದು ತುಂಬಾ ಇಷ್ಟ. ಇಸವಿಗಳನ್ನ ಪೆನ್ಸಿಲ್‌ನಲ್ಲಿ ಹೊಡೆದುಹಾಕಿ ಓದ್ಸಿ. ತಂಬೋರಾ ಪ್ಯಾಸೇಜ್ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತೆ: ಸಿಡೀತು, ಅನಿಲ ಮೇಲೆ ಹೋಯ್ತು, ಬಿಸಿಲು ಕಮ್ಮಿ ಆಯ್ತು, ಚಳಿ ಬಂತು, ಬೆಳೆ ಹೋಯ್ತು. ಬಾಹ್ಯಾಕಾಶದ್ದು ಹಾಗೆ ನಿಲ್ಲಲ್ಲ, ಇಸವಿ ತೆಗೆದ್ರೆ ಅದು ಒಂದಿಷ್ಟು ಸಾಧನೆಗಳ ಪಟ್ಟಿ ಅಷ್ಟೇ, ಯಾವ ವಾಕ್ಯ ಮೇಲೆ ಯಾವುದು ಕೆಳಗೆ ಅಂತ ಕೇಳೋರೇ ಇಲ್ಲ. ಈ ಪರೀಕ್ಷೆ ಇಸವಿ ಇರೋ ಪ್ಯಾಸೇಜ್‌ಗೆ ಮಾತ್ರ. ಗೊದಮೊಟ್ಟೆ ಕಪ್ಪೆ ಆಗೋದು, ಪ್ರಯೋಗ ಮಾಡೋ ವಿಧಾನ, ಇಂಥವು ಇಸವಿ ಇಲ್ದೇನೂ ಕ್ರಮಾನೇ, ಅಲ್ಲಿ ಹಂತಗಳೇ ಮುಖ್ಯ.

ಈಗ ನೀವು “ತಂಬೋರಾದಲ್ಲೂ ಕ್ರಮ ಇದೆಯಲ್ಲ” ಅಂತ ಕೇಳ್ತೀರ. ಇದ್ದೇ ಇರುತ್ತೆ. ಕಾರಣ ಮೊದಲು ಆಗ್ಬೇಕು, ಪರಿಣಾಮ ಆಮೇಲೆ, ಹಾಗಾಗಿ ಯಾವ ಕಾರಣ-ಪರಿಣಾಮದ ಪ್ಯಾಸೇಜ್ ತಗೊಂಡ್ರೂ ಅದರೊಳಗೆ ಒಂದು ಕಾಲಕ್ರಮ ಸಿಕ್ಕೇ ಸಿಗುತ್ತೆ. ಆದ್ರೆ ಒಂದಾದ ಮೇಲೊಂದು ಆಗಿದ್ದೆಲ್ಲಾ ಒಂದರಿಂದ ಇನ್ನೊಂದು ಆಗಿದ್ದಲ್ಲ. ಇದೊಂದು ಮಾತು ಮಗುಗೆ ಅರ್ಥ ಆದ್ರೆ ಅರ್ಧ ಗೊಂದಲ ಅಲ್ಲೇ ಮುಗೀತು. ಅದೇ ತಂಬೋರಾ ಪ್ಯಾಸೇಜ್‌ನ ಹಿಂದೆ ಮುಂದೆ ಮಾಡಿ ಬರೆದು ನೋಡಿ: 1816ರ ಚಳಿ, ಜೂನ್ ಹಿಮದಿಂದ ಶುರು ಮಾಡಿ, ಬಿಸಿಲು ಯಾಕೆ ಕಮ್ಮಿ ಆಯ್ತು ಅಂತ ಹಿಂದಕ್ಕೆ ಹೋಗಿ, ಕೊನೇಲಿ 1815ರ ಸ್ಫೋಟಕ್ಕೆ ಬನ್ನಿ. ಕಾಲಕ್ರಮ ಪೂರ್ತಿ ತಲೆಕೆಳಗಾಯ್ತು, ರಚನೆ ಮಾತ್ರ ಅದೇ ಇದೆ.

ಕನ್ನಡದ ಪ್ಯಾಸೇಜ್ ಓದಿಸೋರಿಗೆ ಇನ್ನೊಂದು ಮುಖ್ಯವಾದ ಮಾತು. ಈ ಕೀವರ್ಡ್ ಲಿಸ್ಟ್‌ಗಳು ಇಂಗ್ಲಿಷಿಂದ ಎತ್ತಿ ತಂದಿರೋವು, ಕನ್ನಡದಲ್ಲಿ ನಾವು ಕಾರಣಾನ ಪ್ರತ್ಯೇಕ ಪದದಲ್ಲಿ ಹೇಳೋದೇ ಕಮ್ಮಿ, ಕ್ರಿಯಾಪದದ ಬಾಲದಲ್ಲೇ ಹೇಳಿ ಮುಗಿಸ್ತೀವಿ. “ನೀರು ಹೆಪ್ಪುಗಟ್ಟಿ ಪೈಪ್ ಒಡೆಯಿತು.” “ಅವನು ಪುಸ್ತಕ ತೆಗೆದು ಮೇಜಿನ ಮೇಲಿಟ್ಟನು.” ನೋಡೋಕೆ ಎರಡೂ ಒಂದೇ ಥರ, ‘ಹೆಪ್ಪುಗಟ್ಟಿ’, ‘ತೆಗೆದು’. ಆದ್ರೆ ಮೊದಲನೇದ್ರಲ್ಲಿ ಕಾರಣ ಇದೆ, ಎರಡನೇದ್ರಲ್ಲಿ ಬರೀ ಕ್ರಮ. ಮಧ್ಯ ಒಂದು ‘ಅದಕ್ಕೇ’ ಸೇರಿಸಿ ನೋಡಿ. “ನೀರು ಹೆಪ್ಪುಗಟ್ತು, ಅದಕ್ಕೇ ಪೈಪ್ ಒಡೀತು”, ಸರಿಯಾಗಿ ಕೂರುತ್ತೆ. “ಪುಸ್ತಕ ತೆಗೆದ, ಅದಕ್ಕೇ ಮೇಜಿನ ಮೇಲಿಟ್ಟ”, ಕೂರಲ್ಲ. ‘ಮಳೆ ಬಾರದೆ ಬೆಳೆ ಒಣಗಿತು’ ಅನ್ನೋ ವಾಕ್ಯದಲ್ಲಿ ನಿಮ್ಮ ಲಿಸ್ಟ್‌ನ ಯಾವ ಪದ ಇದೆ ಹೇಳಿ? ಒಂದೂ ಇಲ್ಲ, ಕಾರಣ ಮಾತ್ರ ಎದ್ದು ಕಾಣ್ತಿದೆ. ಲಿಸ್ಟ್ ನಂಬ್ಕೊಂಡ ಮಗು ಇಂಥ ವಾಕ್ಯಾನ ಹಾಗೇ ದಾಟಿಬಿಡುತ್ತೆ.

ಹಾಗಂತ ಸೂಚಕ ಪದಗಳು ಬೇಡ್ವೇ ಬೇಡ ಅಂತ ನಾನು ಹೇಳ್ತಿಲ್ಲ. ಮೊದಲು ಓದಿ ಒಂದು ಅಭಿಪ್ರಾಯಕ್ಕೆ ಬರ್ಬೇಕು, ಆಮೇಲೆ ಅದು ಸರಿನಾ ಅಂತ ನೋಡೋಕೆ ಪದ ಹುಡುಕ್ಬೇಕು. ಪದದಿಂದ ಶುರು ಮಾಡಿದ್ರೆ ಕೆಡುತ್ತೆ.

ಪ್ರಶ್ನೆ: ಸಮಸ್ಯೆ-ಪರಿಹಾರಕ್ಕೂ ಕಾರಣ-ಪರಿಣಾಮಕ್ಕೂ ವ್ಯತ್ಯಾಸ ಗೊತ್ತಾಗ್ತಾನೇ ಇಲ್ಲ. ಏನೋ ಕೆಟ್ಟದ್ದು ಆಗಿದ್ರೆ ಅದು ಸಮಸ್ಯೆ ಅಲ್ವಾ?

ಅಲ್ಲ. ಕೆಟ್ಟದ್ದು ಆದ್ರೆ ಸಾಲದು, ಅದನ್ನ ಸರಿ ಮಾಡೋಕೆ ಯಾರಾದ್ರೂ ಕೈ ಹಾಕಿರ್ಬೇಕು, ಮತ್ತೆ ಪ್ಯಾಸೇಜ್ ಆ ಪ್ರಯತ್ನದ ಹಿಂದೇನೇ ಹೋಗ್ಬೇಕು. ಮೇಲಿನ ತಂಬೋರಾದಲ್ಲಿ ಬೆಳೆ ಹೋಯ್ತು, ಬೆಲೆ ಏರ್ತು, ಯಾರೂ ಏನೂ ಮಾಡಿಲ್ಲ, ಹಾಗಾಗಿ ಅಲ್ಲಿ ಸಮಸ್ಯೆ-ಪರಿಹಾರ ಇಲ್ಲ.

ಸ್ಕರ್ವಿ ರೋಗದ ವಿಷಯ ತಗೊಳ್ಳಿ. ತಿಂಗಳುಗಟ್ಟಲೆ ಹಡಗಲ್ಲಿದ್ದ ನಾವಿಕರಿಗೆ ವಸಡಿಂದ ರಕ್ತ ಬರ್ತಿತ್ತು, ಹಳೇ ಗಾಯ ಮತ್ತೆ ಬಾಯಿ ಬಿಡ್ತಿತ್ತು, ಸಾಯ್ತಿದ್ರು. 1747ರಲ್ಲಿ ಜೇಮ್ಸ್ ಲಿಂಡ್ ಅನ್ನೋ ಹಡಗಿನ ವೈದ್ಯರು 12 ಜನ ರೋಗಿಗಳನ್ನ ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ರು, ಕಿತ್ತಳೆ ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡ್ರು. ಬ್ರಿಟಿಷ್ ನೌಕಾಪಡೆ 1795ರಲ್ಲಿ ನಿಂಬೆರಸ ಕೊಡೋ ವ್ಯವಸ್ಥೆ ಮಾಡ್ತು. ಇದು ಸಮಸ್ಯೆ-ಪರಿಹಾರ, ಇಸವಿ ಎಷ್ಟಿದ್ರೂ ಸರಿ. ಅದೇ ಸ್ಕರ್ವಿ ಬಗ್ಗೆ ಇನ್ನೊಬ್ಬರು, ದೇಹಕ್ಕೆ ವಿಟಮಿನ್ ಸಿ ಸಿಗದಿದ್ರೆ ಕೊಲಾಜನ್ (ದೇಹದ ಅಂಗಾಂಶಗಳನ್ನ ಗಟ್ಟಿಯಾಗಿ ಹಿಡಿದಿಡೋ ಪ್ರೋಟೀನ್) ಸರಿಯಾಗಿ ಕಟ್ಟಿಕೊಳ್ಳಲ್ಲ, ಅದರಿಂದ ರಕ್ತನಾಳ ದುರ್ಬಲವಾಗುತ್ತೆ, ವಸಡು ಒಸರುತ್ತೆ ಅಂತ ಬರೆದ್ರೆ ಅದು ಕಾರಣ-ಪರಿಣಾಮ. ವಿಷಯ ಒಂದೇ, ರಚನೆ ಬೇರೆ. ವಿಷಯ ನೋಡಿ ರಚನೆ ಹೇಳೋ ಅಭ್ಯಾಸ ಇದ್ರೆ ಇವತ್ತೇ ಬಿಡ್ಸಿ.

ಪ್ರಶ್ನೆ: ಮೊದಲ ವಾಕ್ಯ ಮತ್ತೆ ಕೊನೇ ವಾಕ್ಯ ಮಾತ್ರ ಓದಿ ಹತ್ತು ಸೆಕೆಂಡಲ್ಲಿ ರಚನೆ ಹೇಳೋ ಟ್ರಿಕ್ ಒಂದು ವಿಡಿಯೋದಲ್ಲಿ ನೋಡಿದೆ. ಮಕ್ಕಳಿಗೆ ಹೇಳ್ಕೊಡ್ಲಾ?

ಖಂಡಿತಾ ಬೇಡ. ತಂಬೋರಾದ ಮೊದಲ ವಾಕ್ಯದಲ್ಲಿ ಜ್ವಾಲಾಮುಖಿ ಇದೆ, ಕೊನೇ ವಾಕ್ಯದಲ್ಲಿ ಧಾನ್ಯದ ಬೆಲೆ ಇದೆ, ಎರಡಕ್ಕೂ ಸಂಬಂಧ ಕಟ್ಟಿದ್ದು ಮಧ್ಯದ ವಾಕ್ಯಗಳು, ನೀವು ಅದನ್ನೇ ಬಿಡಿ ಅಂತೀರ. ಓದೋದನ್ನ ಕಲಿಸೋ ಹೆಸರಲ್ಲಿ ಓದದೇ ಇರೋದನ್ನ ಕಲಿಸಿ ದುಡ್ಡು ತಗೊಳ್ಳೋರ ಮೇಲೆ ನನಗೆ ನಿಜವಾಗ್ಲೂ ಸಿಟ್ಟಿದೆ. ಇಂಥ ಕೋರ್ಸ್ ಮುಗಿಸಿ ಬಂದ ಮಕ್ಕಳನ್ನ ಮತ್ತೆ ಸಾವಕಾಶವಾಗಿ ಓದೋ ಹಾಗೆ ಮಾಡೋಕೆ, ಏನೂ ಕಲಿಯದೇ ಬಂದ ಮಕ್ಕಳಿಗಿಂತ ಜಾಸ್ತಿ ಕಷ್ಟ ಆಗುತ್ತೆ.

ಪ್ರಶ್ನೆ: ಒಟ್ಟು ರಚನೆಗಳು ಐದಾ, ಏಳಾ, ಎಂಟಾ?

ಐದು ಚೆನ್ನಾಗಿ ಗೊತ್ತಿದ್ರೆ ಸಾಕು, ಉಳಿದದ್ದು ಅವನ್ನೇ ಒಡೆದು ಬೇರೆ ಹೆಸರಿಟ್ಟಿದ್ದು.

ಪ್ರಶ್ನೆ: ಎರಡು ಪ್ರಾಣಿ ಬಗ್ಗೆ ಬರೆದಿದ್ರೆ ಹೋಲಿಕೆ ತಾನೆ?

ಎರಡನ್ನೂ ಒಂದೇ ಅಳತೆಗೆ ಇಟ್ಟಿದ್ರೆ ಮಾತ್ರ. ಆಫ್ರಿಕಾದ ಆನೆಗೆ ಸೊಂಡಿಲ ತುದೀಲಿ ಬೆರಳಿನಂಥದ್ದು ಎರಡು, ಏಷ್ಯಾದ ಆನೆಗೆ ಒಂದು, ಕಿವಿ ಅದಕ್ಕೆ ದೊಡ್ಡದು ಇದಕ್ಕೆ ಚಿಕ್ಕದು ಅಂದ್ರೆ ಹೋಲಿಕೆ. ಹುಲಿ ಜಿಂಕೆ ಬೇಟೆಯಾಡೋದ್ರ ಬಗ್ಗೆ ಬರೆದ್ರೆ ಅಲ್ಲ.

ಪ್ರಶ್ನೆ: ಒಂದೊಂದು ಪ್ಯಾರಾ ಒಂದೊಂದು ಥರ ಇದ್ರೆ ಏನು ಬರೀಬೇಕು?

‘ಒಟ್ಟಾರೆ’ ರಚನೆ ಕೇಳಿದಾರಾ, ‘ಮೂರನೇ ಪ್ಯಾರಾ’ದ್ದು ಕೇಳಿದಾರಾ ಅಂತ ಪ್ರಶ್ನೆ ಸರಿಯಾಗಿ ಓದಿ. ಒಟ್ಟಾರೆ ಅಂದ್ರೆ, ಯಾವ ಪ್ಯಾರಾ ತೆಗೆದ್ರೆ ಲೇಖನ ಕುಸಿಯುತ್ತೋ ಅದನ್ನ ಹಿಡೀರಿ, ತೆಗೆದ್ರೂ ನಡೆಯೋ ಪ್ಯಾರಾ ಬರೀ ಹಿನ್ನೆಲೆ.

ಪ್ರಶ್ನೆ: ಚಾರ್ಟ್ ಶೀಟ್‌ಗಳನ್ನ ತುಂಬಿಸೋದು ಒಳ್ಳೇದಾ? ಹೋಲಿಕೆಗೆ ಎರಡು ವೃತ್ತ, ಕಾರಣಕ್ಕೆ ಬಾಣ, ಹೀಗೆ ಪ್ರಿಂಟ್ ಮಾಡಿ ಕೊಡ್ತಿದೀನಿ.

ನೀವು ಎರಡು ವೃತ್ತ ಪ್ರಿಂಟ್ ಮಾಡಿ ಕೊಟ್ಟ ಮೇಲೆ ಉತ್ತರ ನೀವೇ ಹೇಳಿದ ಹಾಗಾಯ್ತು, ಮಗುಗೆ ಉಳಿದಿದ್ದು ಖಾಲಿ ಜಾಗ ತುಂಬೋ ಕೆಲಸ. ಖಾಲಿ ಹಾಳೆ ಕೊಡಿ. ಇದನ್ನ ಹೇಗೆ ಚಿತ್ರಿಸಿದ್ರೆ ಬೇರೆಯವರಿಗೆ ಅರ್ಥ ಆಗುತ್ತೆ ಅಂತ ಅವರೇ ಯೋಚಿಸ್ಲಿ. ತಪ್ಪು ಚಿತ್ರ ಆರಿಸಿಕೊಂಡ್ರೆ ಅರ್ಧಕ್ಕೆ ಬರೋ ಹೊತ್ತಿಗೆ ಅದು ತುಂಬೋದೇ ಇಲ್ಲ, ಅವರೇ ಅಳಿಸಿ ಬೇರೆ ಹಾಕ್ತಾರೆ, ಕಲಿಕೆ ಆಗೋದು ಆ ಅಳಿಸೋ ಜಾಗದಲ್ಲೇ.

ಪ್ರಶ್ನೆ: ಮಗಳು ರಚನೆ ಕರೆಕ್ಟಾಗಿ ಹೇಳ್ತಾಳೆ, ಆದ್ರೆ ಪ್ಯಾಸೇಜ್‌ನಲ್ಲಿ ಏನಿತ್ತು ಅಂತ ಕೇಳಿದ್ರೆ ನೆನಪಿರಲ್ಲ. ಮಾರ್ಕ್ಸ್ ಬರ್ತಿದೆ, ಚಿಂತೆ ಮಾಡ್ಬೇಕಾ?

ಮಾಡ್ಬೇಕು. ರಚನೆ ಗುರುತಿಸೋದನ್ನ ಕಲಿಸೋಕೆ ಶುರು ಮಾಡಿದ್ದೇ ನೆನಪಿಗೋಸ್ಕರ, ತಿಳುವಳಿಕೆಗೋಸ್ಕರ. ಬೋನಿ ಮೇಯರ್ ಅನ್ನೋ ಸಂಶೋಧಕಿ 1970ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದಾರೆ, 1980ರಲ್ಲಿ ಅವರೂ ಸಹೋದ್ಯೋಗಿಗಳೂ ಒಂಬತ್ತನೇ ತರಗತಿ ವಿದ್ಯಾರ್ಥಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಕಂಡಿದ್ದು ಇದೇ: ಲೇಖಕ ಬಳಸಿದ ರಚನೆಯನ್ನೇ ಹಿಡ್ಕೊಂಡು ನೆನಪಿಸಿಕೊಂಡೋರಿಗೆ ಓದಿದ್ದು ಜಾಸ್ತಿ ನೆನಪಿತ್ತು. ನಿಮ್ಮ ಮಗಳು ಹೆಸರು ಹೇಳ್ತಿದಾಳೆ, ಅದನ್ನ ಹಿಡ್ಕೊಂಡು ಓದ್ತಿಲ್ಲ, ಹೆಚ್ಚಾಗಿ ಅವಳೂ ಪದ ಹುಡುಕ್ತಾ ಇರ್ಬೇಕು. ಇನ್ಮೇಲೆ ‘ಯಾವ ರಚನೆ’ ಅಂತ ಸ್ವಲ್ಪ ದಿನ ಕೇಳಲೇಬೇಡಿ. ಓದಿದ ಮೇಲೆ ಪುಸ್ತಕ ಮುಚ್ಚಿಸಿ, “ಯಾಕೆ ಹಾಗಾಯ್ತು?”, “ಯಾರು ಏನು ಮಾಡಿದ್ರು?”, “ಯಾವುದಕ್ಕಿಂತ ಯಾವುದು ಹೇಗೆ ಬೇರೆ?” ಅಂತ ಮಾಮೂಲಿ ಮಾತಲ್ಲಿ ಕೇಳಿ, ಅವಳು ಹೇಳ್ಲಿ. ಹೇಳೋಕೆ ಬರ್ದಿದ್ರೆ ಪುಸ್ತಕ ತೆಗೆದು ಮತ್ತೆ ಓದ್ಲಿ. ಹೆಸರು ಬರೆಯೋ ಕಾಲಂ ಆಮೇಲೆ ತುಂಬಿದ್ರಾಯ್ತು.