ಫಿಸಿಯೋ ಬಿಟ್ಟು ಸೇಲ್ಸ್: ಅಮೆರಿಕದಲ್ಲಿ ಮೊದಲು ನೋಡಬೇಕಾದ್ದೇನು?

ಬೆಂಗಳೂರಲ್ಲಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿ ಆರ್ಥೋ ರಿಹ್ಯಾಬ್‌ನಲ್ಲಿ ಕೆಲಸ ಮಾಡಿದ್ದೀರಿ, ಈಗ ಯಜಮಾನರ ಜೊತೆ ಎಚ್-4 ವೀಸಾದಲ್ಲಿ ಬಂದಿದ್ದೀರಿ. ಇಲ್ಲಿನ ಲೈಸೆನ್ಸ್ ಗೋಜಿಗೆ ಹೋಗದೆ ಮೆಡಿಕಲ್ ಡಿವೈಸ್ ಸೇಲ್ಸ್‌ಗೆ ಸೇರಬಹುದಾ ಅಂತ ಕೇಳಿದ್ದೀರಿ. ಸೇರಬಹುದು. ಆದರೆ ರೆಸ್ಯೂಮೆ ತಿದ್ದೋಕೆ ಕೂರುವ ಮೊದಲು ವೀಸಾ ಕಾಗದ ತೆಗೆದು ನೋಡಿ.

ಎಚ್-4ನಲ್ಲಿ ಸಂಬಳದ ಕೆಲಸ ಮಾಡಲು ಇಎಡಿ ಕಾರ್ಡ್, ಅಂದರೆ ಕೆಲಸದ ಅನುಮತಿ ಪತ್ರ ಬೇಕು. ಯಜಮಾನರ ಐ-140 (ಗ್ರೀನ್ ಕಾರ್ಡ್‌ಗಾಗಿ ಅವರ ಕಂಪನಿ ಹಾಕುವ ಅರ್ಜಿ) ಅಪ್ರೂವ್ ಆಗಿದ್ದರೆ, ಇಲ್ಲವೇ ಅವರ ಎಚ್-1ಬಿ ಕೆಲಸದ ವೀಸಾ ಆರು ವರ್ಷ ದಾಟಿ ವಿಸ್ತರಣೆಯಾಗಿದ್ದರೆ ಮಾತ್ರ ಅದು ಸಿಗುವುದು. 2025ರ ಅಕ್ಟೋಬರ್ 30ರಿಂದೀಚೆಗೆ ಹಾಕಿದ ನವೀಕರಣದ ಅರ್ಜಿಗೆ ತಾನಾಗೇ ಸಿಗುತ್ತಿದ್ದ ವಿಸ್ತರಣೆ ಇಲ್ಲ. ಹಾಗಾಗಿ ಅವಧಿ ಮುಗಿಯಲು 180 ದಿನ ಇದೆ ಅನ್ನುವಾಗಲೇ ಅರ್ಜಿ ಹಾಕಿಬಿಡಿ. ಇಎಡಿ ಇಲ್ಲದಿದ್ದರೆ ಸೇಲ್ಸ್ ದಾರಿ ಹೆಚ್ಚುಕಮ್ಮಿ ಮುಚ್ಚಿದ ಹಾಗೇ. ಯಾವ ಡಿಗ್ರಿ ಇದ್ದರೂ ನಡೆಯುವ ಕೆಲಸಕ್ಕೆ ಎಚ್-1ಬಿ ಸಿಗುವುದು ಬಲು ಕಷ್ಟ. ಆದರೆ ಫಿಸಿಯೋಗಳು ‘ಶೆಡ್ಯೂಲ್ ಎ’ (ಸಿಬ್ಬಂದಿ ಕೊರತೆಯ ವೃತ್ತಿಗಳ) ಪಟ್ಟಿಯಲ್ಲಿದ್ದಾರೆ, ಅವರ ಗ್ರೀನ್ ಕಾರ್ಡ್ ಅರ್ಜಿಗೆ ಪರ್ಮ್ ಹಂತವೇ, ಅಂದರೆ ಆ ಕೆಲಸಕ್ಕೆ ಅಮೆರಿಕನ್ನರು ಸಿಗಲಿಲ್ಲ ಅಂತ ತೋರಿಸುವ ಹಂತವೇ ಇಲ್ಲ. ಭಾರತೀಯರ ಕ್ಯೂ ತಪ್ಪುವುದಿಲ್ಲ ಅನ್ನಿ. ಆದರೂ ಲೈಸೆನ್ಸ್ ಬೇಡ ಅನ್ನುವ ಮುಂಚೆ ಇದೂ ಲೆಕ್ಕದಲ್ಲಿರಲಿ.

ಲೈಸೆನ್ಸ್ ಇಲ್ಲದೆ ಲಿಂಕ್ಡ್‌ಇನ್‌ನಲ್ಲಿ ‘ಫಿಸಿಕಲ್ ಥೆರಪಿಸ್ಟ್’ ಅಂತ ಹಾಕಿಕೊಳ್ಳಬೇಡಿ. ರಾಜ್ಯಗಳ ಕಾನೂನು ಆ ಬಿರುದನ್ನು ಲೈಸೆನ್ಸ್ ಇದ್ದವರಿಗೇ ಬಿಟ್ಟಿದೆ. ‘ಬಿಪಿಟಿ, ಇಂಡಿಯಾ’ ಅಂತ ಬರೆದರೆ ತೊಂದರೆಯಿಲ್ಲ.

ಇನ್ನು ಯಾವ ಸೇಲ್ಸ್ ಅನ್ನುವುದು. ಎಲ್ಲರ ಕಣ್ಣೂ ಸ್ಟ್ರೈಕರ್, ಝಿಮ್ಮರ್ ಬಯೋಮೆಟ್ ಥರದ ಇಂಪ್ಲಾಂಟ್ ಕಂಪನಿಗಳ ಮೇಲೆ. ನಮ್ಮೂರ ಮೆಡಿಕಲ್ ರೆಪ್ ಥರ ಬ್ಯಾಗ್ ಹಿಡಿದು ಡಾಕ್ಟರ್ ಬಾಗಿಲಲ್ಲಿ ಕಾಯುವ ಕೆಲಸ ಅಲ್ಲ ಅದು. ಟ್ರಾಮಾ ವಿಭಾಗವಾದರೆ ರಾತ್ರಿ ಎರಡಕ್ಕೂ ಫೋನ್ ಬರುತ್ತೆ. ಟ್ರೇಗಳನ್ನು ಹೊತ್ತು ತಂದು, ಸ್ಟೆರಿಲೈಸ್ ಆಗುವಷ್ಟು ಮುಂಚೆ ಆಸ್ಪತ್ರೆಗೆ ಒಪ್ಪಿಸಿ, ಥಿಯೇಟರ್‌ನಲ್ಲಿ ನಿಂತು ಯಾವ ಸೈಜ್, ಯಾವ ಸ್ಕ್ರೂ ಅಂತ ಹೇಳಬೇಕು. ರೋಗಿಯನ್ನು ಮುಟ್ಟುವ ಹಾಗಿಲ್ಲ. ನಿಮಗೆ ಅನಾಟಮಿ ಗೊತ್ತು, ಉಪಕರಣ ಗೊತ್ತಿಲ್ಲ. ಹಾಗಾಗಿ ನೇರ ಸೇಲ್ಸ್ ಬದಲು ‘ಕ್ಲಿನಿಕಲ್ ಸ್ಪೆಷಲಿಸ್ಟ್’ ಹುದ್ದೆಗಳನ್ನು ಹುಡುಕಿ. ಮಾರಿದ ಯಂತ್ರವನ್ನು ಬಳಸಲು ಕಲಿಸುವ ಕೆಲಸ ಅದು, ಸಾಮಾನ್ಯವಾಗಿ ಕೋಟಾದ (ಮಾರಾಟದ ಗುರಿಯ) ಒತ್ತಡ ಕಮ್ಮಿ.

ನನ್ನನ್ನು ಕೇಳಿದರೆ ನಿಮಗೆ ಸರಿಹೊಂದುವುದು ಕಾಂಪ್ಲೆಕ್ಸ್ ರಿಹ್ಯಾಬ್, ಅಂದರೆ ಪವರ್ ವೀಲ್‌ಚೇರ್ ಮತ್ತು ಸೀಟಿಂಗ್. ನ್ಯೂಮೋಷನ್, ನ್ಯಾಷನಲ್ ಸೀಟಿಂಗ್ ಅಂಡ್ ಮೊಬಿಲಿಟಿ ಈ ಕ್ಷೇತ್ರದ ದೊಡ್ಡ ಹೆಸರುಗಳು. ಇಲ್ಲಿ ಮಾರಾಟ ಅಂದರೇ ಅಳತೆ. ಸೀಟಿನ ಆಳಕ್ಕೆ ಪೃಷ್ಠದ ಹಿಂಬದಿಯಿಂದ ಮಂಡಿಯ ಹಿಂಭಾಗದವರೆಗೆ ಅಳೆದು ಒಂದೆರಡು ಇಂಚು ಕಳೆಯಬೇಕು. ಕಳೆಯದಿದ್ದರೆ ಸೀಟಿನ ಅಂಚು ಮಂಡಿಯ ಹಿಂದೆ ಒತ್ತುತ್ತೆ, ಕೂತವರು ಮುಂದಕ್ಕೆ ಜಾರುತ್ತಾರೆ, ಪೆಲ್ವಿಸ್ ಹಿಂದಕ್ಕೆ ವಾಲಿ ಭಾರವೆಲ್ಲ ಸೇಕ್ರಮ್ (ಬೆನ್ನುಮೂಳೆಯ ಕೆಳತುದಿ) ಮೇಲೆ ಬಿದ್ದು ಹುಣ್ಣಾಗುತ್ತೆ. ಇದನ್ನು ನಿಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಕಲಿಯಬೇಕಾದ್ದು ಕಾಗದಪತ್ರ. ಮೆಡಿಕೇರ್ (ಮುಖ್ಯವಾಗಿ ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ನೋಡುವುದು ಮನೆಯೊಳಗಿನ ಓಡಾಟವನ್ನು. ‘ಪಾರ್ಕ್‌ಗೆ ಹೋಗಲು ಬೇಕು’ ಅಂತಷ್ಟೇ ಬರೆದ ನೋಟ್ ತಿರಸ್ಕೃತವಾಗುತ್ತೆ. ಬಚ್ಚಲಿಗೆ, ಅಡುಗೆಮನೆಗೆ ಹೋಗಲು ಕೋಲು, ವಾಕರ್, ಕೈಯಿಂದ ತಳ್ಳುವ ಕುರ್ಚಿ ಯಾಕೆ ಸಾಲದು ಅಂತ ಒಂದೊಂದಾಗಿ ಬರೆದಿರಬೇಕು. ರೋಗಿಯನ್ನು ಪರೀಕ್ಷಿಸಿ ಆ ನೋಟ್ ಬರೆಯುವ ಥೆರಪಿಸ್ಟ್‌ಗೂ ಕುರ್ಚಿ ಮಾರುವ ಕಂಪನಿಗೂ ಹಣದ ಸಂಬಂಧ ಇರಕೂಡದು. ಅಂದರೆ ಮುಂದೆ ಲೈಸೆನ್ಸ್ ಬಂದರೂ ನಿಮ್ಮದೇ ಕಂಪನಿಯ ಗ್ರಾಹಕರಿಗೆ ನೀವು ಅದನ್ನು ಬರೆಯುವಂತಿಲ್ಲ. ಈ ಕೆಲಸಕ್ಕೆ ರೆಸ್ನಾ ಸಂಸ್ಥೆಯ ಎಟಿಪಿ (ಸಹಾಯಕ ಸಾಧನಗಳ ತಜ್ಞರ) ಸರ್ಟಿಫಿಕೇಟ್ ಬೇಕಾಗುತ್ತೆ. ರಿಹ್ಯಾಬ್‌ನಲ್ಲಿ ಬ್ಯಾಚುಲರ್ ಪದವಿ ಇದ್ದವರು 1500 ಗಂಟೆ ಆ ಕ್ಷೇತ್ರದ ಕೆಲಸ ತೋರಿಸಿ ಪರೀಕ್ಷೆಗೆ ಕೂರಬಹುದು, ಆದ್ದರಿಂದ ಮೊದಲು ಟ್ರೈನಿಯಾಗಿ ಸೇರಿಕೊಳ್ಳಿ.

ಆಫರ್ ಲೆಟರ್ ಬಂದಾಗ ಒಟ್ಟು ಮೊತ್ತಕ್ಕೆ ಮರುಳಾಗಬೇಡಿ. ‘ರಿಕವರಬಲ್ ಡ್ರಾ’ ಅಂದರೆ ಮುಂಗಡ ಸಾಲ: ತಿಂಗಳಿಗೆ 4000 ಡಾಲರ್ ಡ್ರಾ ಕೊಟ್ಟು, ನೀವು ಗಳಿಸಿದ ಕಮಿಷನ್ 2500 ಆದರೆ ಉಳಿದ 1500 ನಿಮ್ಮ ತಲೆ ಮೇಲೆ. 1099 ಗುತ್ತಿಗೆಯಾದರೆ (ಕಂಪನಿಯ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು) ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆಯ ಪೂರ್ತಿ ಶೇ. 15.3 ನಿಮ್ಮದೇ, ಪೆಟ್ರೋಲ್ ನಿಮ್ಮದೇ, ಹೆಲ್ತ್ ಇನ್ಶೂರೆನ್ಸೂ ನೀವೇ ನೋಡಿಕೊಳ್ಳಬೇಕು. ಮೊದಲ ಕೆಲಸಕ್ಕೆ ಡಬ್ಲ್ಯು-2 (ಕಂಪನಿಯ ನೌಕರರಾಗಿ ಸೇರುವುದು) ಬಿಟ್ಟು ಬೇರೆಗೆ ಒಪ್ಪಬೇಡಿ ಅಂತಲೇ ಹೇಳುತ್ತೀನಿ. ಹಿಂದೆ ಆ ಟೆರಿಟರಿಯಲ್ಲಿದ್ದವರು ಯಾಕೆ ಬಿಟ್ಟರು, ಕೋಟಾ ಮುಟ್ಟಿದ್ದರಾ ಅಂತ ಸಂದರ್ಶನದಲ್ಲೇ ಕೇಳಿ. ಉತ್ತರ ತಡವರಿಸಿದರೆ ಅರ್ಥವಾಯಿತಲ್ಲ.

ಆಸ್ಪತ್ರೆಗಳಿಗೆ ಹೋಗುವ ರೆಪ್‌ಗಳು ವೆಂಡರ್ ಪಾಸ್ ಮಾಡಿಸಬೇಕು. ಹೆಪಟೈಟಿಸ್ ಬಿ, ಎಂಎಂಆರ್, ಫ್ಲೂ ಲಸಿಕೆಯ ದಾಖಲೆ ಕೇಳುತ್ತಾರೆ, ಊರಿಂದ ತರಿಸಿಕೊಳ್ಳಿ. ಟಿಬಿಗೆ ಚರ್ಮದ ಪರೀಕ್ಷೆ ಬೇಡ, ರಕ್ತಪರೀಕ್ಷೆ ಮಾಡಿ ಅಂತ ಕೇಳಿ. ಬಿಸಿಜಿ ಹಾಕಿಸಿಕೊಂಡ ನಮ್ಮಂಥವರಿಗೆ ಚರ್ಮದ್ದು ಸುಮ್ಮನೆ ಪಾಸಿಟಿವ್ ಬಂದು, ಎಕ್ಸ್‌ರೇ ಅದು ಇದು ಅಂತ ಸೇರುವ ದಿನ ಮುಂದಕ್ಕೆ ಹೋಗಬಹುದು. ಕಾರಿನ ಲೈಸೆನ್ಸ್ ಈಗಲೇ ಮಾಡಿಸಿ, ಡ್ರೈವಿಂಗ್ ದಾಖಲೆ ನೋಡಿಯೇ ಕಂಪನಿಗಳು ತಗೊಳ್ಳುವುದು.

ಯಾವ ರಾಜ್ಯದಲ್ಲಿದ್ದೀರಿ, ಐ-140 ಎಲ್ಲಿಗೆ ಬಂದಿದೆ ಅಂತ ತಿಳಿಸಿ. ಕ್ಯಾಲಿಫೋರ್ನಿಯಾ ಆದರೆ ನಾನ್-ಕಂಪೀಟ್ ಷರತ್ತು (ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಅನ್ನುವುದು) ಅಲ್ಲಿ ಊರ್ಜಿತವಲ್ಲ. ಬೇರೆ ಕಡೆಯಾದರೆ ಸಹಿ ಹಾಕುವ ಮುನ್ನ ಅದರ ಅವಧಿ ಎಷ್ಟು, ಎಷ್ಟು ಮೈಲಿ ವ್ಯಾಪ್ತಿ ಅಂತ ಓದಿಕೊಳ್ಳಿ.